ಏಳದ ಗಣಕಯಂತ್ರ: ದೋಷವನ್ನು ಅರಸುವ ಕ್ರಮ

ಕನ್ನಡ ಪಂಡಿತನೊಬ್ಬನು ಗಣಕಯಂತ್ರವನ್ನು ಕುರಿತು ಲೇಖನ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. ಕೇಶಿರಾಜನ ಸೂತ್ರಗಳನ್ನು ಕಂಠಪಾಠ ಮಾಡಿ ವಿದ್ವತ್ ಪರೀಕ್ಷೆಯನ್ನು ಮುಗಿಸಿದವನಿಗೆ ತಂತಿ ತಿರುಪುಗಳ ಗೊಡವೆ ಏತಕ್ಕೆಂದು ಈ ಸಂಚಿಕೆಯ ಸಂಪಾದಕ ಮಿತ್ರರೊಬ್ಬರು ಕೇಳಿಯೂ ಕೇಳಿದರು. ವ್ಯಾಕರಣವು ನಮಗೆ ಕಲಿಸುವುದು ಮುಖ್ಯವಾಗಿ ಕ್ರಮವನ್ನು. ವರ್ಣವನ್ನರಿಯದೆ ಪದವನ್ನೂ, ಪದವನ್ನರಿಯದೆ ವಾಕ್ಯವನ್ನೂ ಬಿಡಿಸಲಾಗದು. ಕೆಟ್ಟುನಿಂತ ಯಂತ್ರದ ಮುಂದೆಯೂ ಬೇಕಾದುದು ಈ ಕ್ರಮವೇ ಎಂಬುದನ್ನು ನಾನು ತಡವಾಗಿ, ಸ್ವಲ್ಪ ನಷ್ಟವನ್ನೂ ಅನುಭವಿಸಿ ಕಲಿತೆನು. ಅದನ್ನು ನಮ್ಮ ಅಧ್ಯಾಪಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ನಡೆದುದು ೨೦೧೯ರ ಜೂನ್ ತಿಂಗಳಲ್ಲಿ. ಬೇಸಿಗೆಯ ರಜೆ ಮುಗಿದು ಔರಾದ್ ತಾಲ್ಲೂಕಿನ ನಮ್ಮ ಶಾಖೆಯ ಶಾಲೆ ಬಾಗಿಲು ತೆರೆದಾಗ ಅಲ್ಲಿದ್ದ ಹಳೆಯ ಗಣಕಯಂತ್ರವು ಏಳಲಿಲ್ಲ. ಗುಂಡಿಯನ್ನು ಒತ್ತಿದರೆ ಒಳಗಣ ಪಂಖವು ತಿರುಗುವ ಸದ್ದು ಕೇಳುತ್ತಿತ್ತು. ಪರದೆ ಮಾತ್ರ ಕಪ್ಪಾಗಿಯೇ ಉಳಿದಿತ್ತು. ಅದು ಹಳೆಯ ವಿದ್ಯಾರ್ಥಿಯೊಬ್ಬರು ಕೊಡುಗೆಯಾಗಿ ಕೊಟ್ಟ ಯಂತ್ರ. ಯಂತ್ರಕ್ಕೆ ಬೆಲೆ ಬಾರದ ಕಾಲ ಅದಾಗಲೇ ಬಂದಿತ್ತು. ಆದರೆ ಅದರೊಳಗಿನ ಡಿಸ್ಕಿನಲ್ಲಿ ಇದ್ದುದು ಬೇರೆ ಮಾತು. ಆ ಶಾಲೆಯ ಮಕ್ಕಳೂ ಅವರ ಕನ್ನಡ ಅಧ್ಯಾಪಕರೂ ಸುತ್ತಲಿನ ಹಳ್ಳಿಗಳನ್ನು ತಿರುಗಿ, ಬೀಸುವಾಗಿನ ಹಾಡು, ಸೋಬಾನೆಯ ಹಾಡು, ಜೋಗುಳ, ಒಗಟು, ಗಾದೆಗಳನ್ನು ಕೇಳಿ ಬರೆದುಕೊಂಡು, ನಾಲ್ಕಾರು ವರ್ಷಗಳ ಕಾಲ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ಮರಾಠಿ, ತೆಲುಗು, ಉರ್ದು ಮೂರೂ ಬಂದು ಸೇರುವ ಆ ಗಡಿಯ ಕನ್ನಡದಲ್ಲಿ ಉಳಿದಿರುವ ಎಷ್ಟೋ ಶಬ್ದಗಳು ಅವುಗಳಲ್ಲಿದ್ದವು. ಅಧ್ಯಾಪಕರು ನಿವೃತ್ತರಾಗಿದ್ದರು. ಹಾಡಿದ ಅಜ್ಜಿಯರಲ್ಲಿ ಹಲವರು ತೀರಿಕೊಂಡಿದ್ದರು. ಕಾಗದದ ಮೇಲೆ ಮುದ್ರಿಸಿದ ಪ್ರತಿಯೊಂದೂ ಇರಲಿಲ್ಲ.

ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹಾಕಿಕೊಂಡು ಪೇಟೆಯ ದುರಸ್ತಿಯ ಅಂಗಡಿಯೊಂದಕ್ಕೆ ಒಯ್ದೆವು. ಅಲ್ಲಿನ ಯುವಕನು ಮುಚ್ಚಳವನ್ನೂ ತೆರೆಯದೆ, “ಹಳೇದು ಸರ್, ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿಕೊಡ್ತೀನಿ, ಸಂಜೆಗೆ ಬರ್ರಿ” ಎಂದನು. ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಬರಿದುಮಾಡಿ ಹೊಸದಾಗಿ ಅಣಿಗೊಳಿಸುವುದೆಂದು ನನಗೆ ಆಗ ಸ್ಪಷ್ಟವಾಗಿ ತಿಳಿಯದು. ಕೇಳಿದೆ. “ಒಳಗಿನದು ಹೋಗ್ತದ” ಎಂದನು. ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಬಂದೆವು. ಆ ಯುವಕನನ್ನು ನಾನು ದೂರುವುದಿಲ್ಲ. ಯಂತ್ರವನ್ನು ನಡೆಯುವಂತೆ ಮಾಡುವುದು ಅವನ ಕೆಲಸ. ಒಳಗಿನದನ್ನು ಉಳಿಸಿಕೊಳ್ಳುವುದು ನಮ್ಮದು. ಇವೆರಡೂ ಬೇರೆ ಬೇರೆ ಕೆಲಸಗಳೆಂಬುದೇ ಮೊದಲನೆಯ ಪಾಠ.

ಮುಂದೆ ಬೀದರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಭಾನುವಾರ ಭಾಲ್ಕಿಗೆ ಬಂದು, ಪೆಟ್ಟಿಗೆಯನ್ನು ಮೇಜಿನ ಮೇಲಿರಿಸಿ, ಒಂದೊಂದು ಹೆಜ್ಜೆಯನ್ನೂ ನನಗೆ ವಿವರಿಸುತ್ತ ದೋಷವನ್ನು ಅರಸಿದರು. ಅಂದು ಶಿಷ್ಯರು ಗುರುವಾದರು. ನಾನು ಟಿಪ್ಪಣಿ ಬರೆದುಕೊಂಡೆ. ಮುಂದಿನದು ಬಹುಮಟ್ಟಿಗೆ ಆ ಟಿಪ್ಪಣಿಯ ವಿಸ್ತರಣ.

ಗಣಕಯಂತ್ರವು ಏಳುವುದನ್ನು ‘ಬೂಟ್’ ಆಗುವುದು ಎನ್ನುತ್ತಾರೆ. ಈ ಶಬ್ದದ ನಿಷ್ಪತ್ತಿ ಸ್ವಾರಸ್ಯವಾದುದು. ಬೂಟಿನ ಹಿಂಬದಿಯಲ್ಲಿ ಅದನ್ನು ಎಳೆದು ತೊಡಲು ಒಂದು ಪಟ್ಟಿಯಿರುತ್ತದೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲೆತ್ತಿಕೊಳ್ಳುವುದು ಎಂಬುದು ಆಂಗ್ಲರ ಒಂದು ನುಡಿಗಟ್ಟು. ಯಂತ್ರದ ಕಷ್ಟವೂ ಅದೇ. ಕೆಲಸಕ್ಕೆ ಬೇಕಾದ ಆದೇಶಗಳೆಲ್ಲವೂ ಡಿಸ್ಕಿನಲ್ಲಿವೆ. ಡಿಸ್ಕನ್ನು ಓದುವುದಕ್ಕೂ ಆದೇಶ ಬೇಕು. ಆದುದರಿಂದ ಮೂಲಫಲಕದ ಮೇಲಿನ ಒಂದು ಚಿಪ್ಪಿನಲ್ಲಿ, ವಿದ್ಯುತ್ತು ಹೋದರೂ ಅಳಿಯದಂತೆ, ಕಿರಿದಾದ ಆದೇಶಮಾಲೆಯೊಂದನ್ನು ಬರೆದಿಟ್ಟಿರುತ್ತಾರೆ. ಇದನ್ನು ‘ಬಯಾಸ್’ ಎನ್ನುತ್ತಾರೆ. ೧೯೮೧ರಲ್ಲಿ ಹೊರಬಂದ ಐ.ಬಿ.ಎಂ. ಸಂಸ್ಥೆಯ ವೈಯಕ್ತಿಕ ಗಣಕಯಂತ್ರದ ಕ್ರಮವನ್ನೇ ನಮ್ಮ ಶಾಲೆಗಳ ಹಳೆಯ ಯಂತ್ರಗಳು ಅನುಸರಿಸುತ್ತವೆ.

ಏಳುವ ಈ ಕ್ರಿಯೆಯಲ್ಲಿ ಐದು ಘಟ್ಟಗಳುಂಟು. ಮೊದಲು ವಿದ್ಯುತ್ತು ಬರಬೇಕು. ಎರಡನೆಯದಾಗಿ ಬಯಾಸ್ ಎಚ್ಚೆತ್ತು ಸ್ಮೃತಿ, ಪರದೆ, ಕೀಲಿಮಣೆ ಮೊದಲಾದ ಅಂಗಗಳನ್ನು ಪರೀಕ್ಷಿಸಬೇಕು. ಮೂರನೆಯದಾಗಿ, ತಾನು ನೆನಪಿನಲ್ಲಿಟ್ಟ ವ್ಯವಸ್ಥೆಯನ್ನು ನೋಡಿಕೊಂಡು ಯಾವ ಡಿಸ್ಕಿನ ಬಳಿಗೆ ಹೋಗಬೇಕೆಂದು ನಿರ್ಣಯಿಸಬೇಕು. ನಾಲ್ಕನೆಯದಾಗಿ ಆ ಡಿಸ್ಕಿನ ಮೊದಲ ಖಂಡವನ್ನು, ಅಂದರೆ ೫೧೨ ಬೈಟುಗಳಷ್ಟನ್ನು ಓದಬೇಕು. ಐದನೆಯದಾಗಿ ಆ ಖಂಡವು ತೋರಿದ ದಾರಿಯಲ್ಲಿ ವಿಂಡೋಸ್ ಅಥವಾ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಏಳಬೇಕು. ಹಿಂದಿನದು ಸಿದ್ಧಿಸದೆ ಮುಂದಿನದು ಸಿದ್ಧಿಸದು. ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಕಂಡುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬೀದರಿನವರಿಗೆ ಈ ಕ್ರಮವು ಹೊಸದಲ್ಲ. ಬಹಮನಿ ಅರಸರ ಕಾಲದಲ್ಲಿ ನೌಬಾದಿನಲ್ಲಿ ತೋಡಿದ ಕರೇಜನ್ನು, ಜನರ ಮಾತಿನಲ್ಲಿ ಸುರಂಗಬಾವಿಯನ್ನು, ನೋಡಿದವರು ಬಹಳ ಮಂದಿ. ಪರ್ಷಿಯಾದ ವಿಧಾನದಂತೆ ನೆಲದೊಳಗೆ ಮೆಲ್ಲನೆ ಇಳಿಯುವ ಕಾಲುವೆ. ಅದರ ಮೇಲೆ ಸಾಲಾಗಿ ಗಾಳಿಗೂ ಹೂಳೆತ್ತುವುದಕ್ಕೂ ಬಿಟ್ಟ ಬಾವಿಗಂಡಿಗಳು. ಕೊನೆಯಲ್ಲಿ ನೀರು ಬಾರದಿದ್ದರೆ ಕೊನೆಯ ಗಂಡಿಯನ್ನು ಅಗೆದು ಫಲವಿಲ್ಲ. ಮೂಲದಿಂದ ಹೊರಟು ಒಂದೊಂದು ಗಂಡಿಯಲ್ಲಿಯೂ ಇಣುಕಬೇಕು. ಒಂದರಲ್ಲಿ ನೀರು ಕಂಡು ಮುಂದಿನದರಲ್ಲಿ ಕಾಣದಿದ್ದರೆ ಹೂಳು ಅವೆರಡರ ನಡುವೆ ಇದೆ. ಗಣಕಯಂತ್ರದ ದೋಷವನ್ನು ಅರಸುವುದೂ ಹೀಗೆಯೇ. ಇನ್ನು ಒಂದೊಂದೇ ಗಂಡಿಯನ್ನು ನೋಡೋಣ.

ಮೊದಲನೆಯದು ವಿದ್ಯುತ್ತು. ಗುಂಡಿ ಒತ್ತಿದಾಗ ದೀಪವೂ ಹೊತ್ತದೆ ಪಂಖವೂ ತಿರುಗದೆ ಹೋದರೆ ಗೋಡೆಯಿಂದ ಆರಂಭಿಸತಕ್ಕದ್ದು. ಆ ಸಾಕೆಟ್ಟಿಗೆ ಬೇರೊಂದು ದೀಪವನ್ನು ಹಚ್ಚಿ ನೋಡಬೇಕು. ವಿಸ್ತರಣಾ ಹಲಗೆಯ ಸ್ವಿಚ್ಚು, ಪೆಟ್ಟಿಗೆಯ ಹಿಂಬದಿಯ ತಂತಿ, ಅಲ್ಲಿಯೇ ಇರುವ ಚಿಕ್ಕ ಸ್ವಿಚ್ಚು ಇವುಗಳನ್ನು ನೋಡಬೇಕು. ಕೆಲವು ಹಳೆಯ ಪೆಟ್ಟಿಗೆಗಳಲ್ಲಿ ೧೧೫ ಮತ್ತು ೨೩೦ ಎಂದು ಬರೆದ ಕೆಂಪು ಜಾರುಗುಂಡಿಯಿರುತ್ತದೆ. ನಮ್ಮ ದೇಶದಲ್ಲಿ ಅದು ಯಾವಾಗಲೂ ೨೩೦ರಲ್ಲಿಯೇ ಇರತಕ್ಕದ್ದು. ಪರದೆಗೆ ಪ್ರತ್ಯೇಕ ತಂತಿಯುಂಟೆಂಬುದನ್ನೂ ಮರೆಯಬಾರದು. ಇವೆಲ್ಲ ಸರಿಯಿದ್ದರೂ ಯಂತ್ರ ಮಿಸುಕದಿದ್ದರೆ, ಗೋಡೆಯ ತಂತಿಯನ್ನು ಕಿತ್ತು, ಗುಂಡಿಯನ್ನು ಹತ್ತು ಹದಿನೈದು ಕ್ಷಣ ಒತ್ತಿಹಿಡಿದು, ಒಳಗೆ ಉಳಿದ ವಿದ್ಯುತ್ತು ಇಳಿದ ಮೇಲೆ ಮತ್ತೆ ಜೋಡಿಸಿ ನೋಡಬೇಕು. ಎಷ್ಟೋ ಬಾರಿ ಇಷ್ಟರಿಂದಲೇ ಯಂತ್ರ ಏಳುತ್ತದೆ.

ಪೆಟ್ಟಿಗೆಯೊಳಗೆ ಎಸ್.ಎಂ.ಪಿ.ಎಸ್. ಎಂಬ ಲೋಹದ ಡಬ್ಬಿಯೊಂದಿದೆ. ಅದು ೨೩೦ ವೋಲ್ಟಿನ ವಿದ್ಯುತ್ತನ್ನು ೧೨, ೫ ಮತ್ತು ೩.೩ ವೋಲ್ಟುಗಳಿಗೆ ಇಳಿಸಿ ಹಂಚುತ್ತದೆ. ವೋಲ್ಟೇಜು ಏರಿಳಿಯುವ ಹಳ್ಳಿಗಳಲ್ಲಿ ಮೊದಲು ಸೋಲುವ ಅಂಗಗಳಲ್ಲಿ ಇದೂ ಒಂದು. ಸರಿಯಾಗಿರುವ ಇನ್ನೊಂದನ್ನು ತಂದು ಜೋಡಿಸಿ ಪರೀಕ್ಷಿಸುವುದೇ ಸರಳವಾದ ಉಪಾಯ. ಈ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಕೂಡದು. ತಂತಿ ಕಿತ್ತ ಮೇಲೆಯೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ.

ಎರಡನೆಯದು ಬಯಾಸಿನ ಪರೀಕ್ಷೆ. ಪಂಖ ತಿರುಗುತ್ತದೆ, ಪರದೆ ಕಪ್ಪು. ನಮ್ಮ ಯಂತ್ರವು ಇದ್ದುದು ಈ ಸ್ಥಿತಿಯಲ್ಲಿ. ಹಳೆಯ ಯಂತ್ರಗಳು ಈ ಘಟ್ಟದಲ್ಲಿ ‘ಬೀಪ್’ ಎಂಬ ಧ್ವನಿಯಿಂದ ತಮ್ಮ ನೋವನ್ನು ಹೇಳಿಕೊಳ್ಳುತ್ತವೆ. ಹ್ರಸ್ವ ದೀರ್ಘಗಳ ಈ ಭಾಷೆ ಬಯಾಸ್ ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ. ಮೂಲಫಲಕದ ಕೈಪಿಡಿಯಲ್ಲಿ ಅದರ ಅರ್ಥವಿರುತ್ತದೆ. ಅವಾರ್ಡ್ ಬಯಾಸಿನಲ್ಲಿ ಒಂದು ದೀರ್ಘ, ಎರಡು ಹ್ರಸ್ವಗಳು ಕೇಳಿದರೆ ದೃಶ್ಯವಿಭಾಗದ ದೋಷವೆಂದು ತಿಳಿಯಬೇಕು. ಛಂದಸ್ಸನ್ನು ಓದಿದ ನನಗೆ ಒಂದು ಗುರು, ಎರಡು ಲಘು ಎಂದು ಪ್ರಸ್ತಾರ ಹಾಕಿಕೊಳ್ಳುವುದು ಕಷ್ಟವಾಗಲಿಲ್ಲ. ಅದು ಭಗಣ.

ನಮ್ಮ ಯಂತ್ರವು ಏನನ್ನೂ ನುಡಿಯಲಿಲ್ಲ. ಆಗ ಮೊದಲು ಶಂಕಿಸಬೇಕಾದುದು ‘ರ‍್ಯಾಮ್’ ಎಂಬ ತಾತ್ಕಾಲಿಕ ಸ್ಮೃತಿಯ ಪಟ್ಟಿಯನ್ನು. ನಮ್ಮ ಶಿಷ್ಯರು ತಂತಿಯನ್ನು ಕಿತ್ತು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿದ್ದ ಸ್ಥಿರವಿದ್ಯುತ್ತನ್ನು ಕಳೆದುಕೊಂಡರು. ಒಣಹವೆಯ ನಮ್ಮ ಸೀಮೆಯಲ್ಲಿ ಈ ಎಚ್ಚರಿಕೆ ಅಗತ್ಯ. ನಮಗೆ ಗೊತ್ತಾಗದಷ್ಟು ಸಣ್ಣ ಕಿಡಿಯೂ ಚಿಪ್ಪನ್ನು ಕೆಡಿಸಬಲ್ಲದು. ಬಳಿಕ ಎರಡು ಕಡೆಯ ಕೊಂಡಿಗಳನ್ನು ಸಡಿಲಿಸಿ ಪಟ್ಟಿಯನ್ನು ಎತ್ತಿ, ಅದರ ಅಂಚಿನ ಹೊಂಬಣ್ಣದ ಗೆರೆಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲನೆ ಉಜ್ಜಿದರು. ರಬ್ಬರು ಕಪ್ಪಾಯಿತು. ಬಹುಕಾಲದ ಧೂಳೂ ತೇವದ ಮಲಿನತೆಯೂ ಸಂಪರ್ಕವನ್ನು ತಡೆದಿದ್ದವು. ಮೃದುವಾದ ಕುಂಚದಿಂದ ಗಾಡಿಯನ್ನು ಗುಡಿಸಿ, ಕೊಂಡಿಗಳು ಟಕ್ಕೆಂದು ಕೂರುವವರೆಗೆ ಪಟ್ಟಿಯನ್ನು ಒತ್ತಿ ಕೂರಿಸಿ ಗುಂಡಿಯನ್ನು ಒತ್ತಿದಾಗ ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿದವು. ಖರ್ಚು ಒಂದು ರಬ್ಬರು. ಎರಡು ಪಟ್ಟಿಗಳಿದ್ದ ಪಕ್ಷದಲ್ಲಿ ಒಂದೊಂದನ್ನೇ ಇರಿಸಿ ನೋಡಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ.

ಮುಚ್ಚಳ ತೆರೆದಾಗ ನೋಡಬೇಕಾದ ಇನ್ನೆರಡು ಸಂಗತಿಗಳುಂಟು. ಮೂಲಫಲಕದ ಮೇಲಿನ ಕಿರುಡಬ್ಬಿಗಳಂತಹ ಕೆಪಾಸಿಟರುಗಳ ತಲೆ ಸಮವಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ರಸ ಸೋರಿದ್ದರೆ ಅವು ಸತ್ತಿವೆ. ೧೯೯೯ರಿಂದ ೨೦೦೭ರವರೆಗಿನ ಅವಧಿಯಲ್ಲಿ ತಯಾರಾದ ಬಹಳಷ್ಟು ಫಲಕಗಳು ಲೋಕದ ಎಲ್ಲ ಕಡೆ ಈ ದೋಷದಿಂದಲೇ ಕೆಟ್ಟವು. ಇದಕ್ಕೆ ಬೆಸುಗೆ ಬಲ್ಲವರೇ ಬೇಕು. ಎರಡನೆಯದು, ಸಂಸ್ಕಾರಕದ ಮೇಲಿನ ಪಂಖ. ಅದು ಧೂಳಿನಿಂದ ಕಟ್ಟಿಕೊಂಡಿದ್ದರೆ ಯಂತ್ರವು ಎದ್ದ ಕೆಲವೇ ಕ್ಷಣಗಳಲ್ಲಿ ಕಾದು ತಾನಾಗಿ ಆರಿಹೋಗುತ್ತದೆ.

ಮೂರನೆಯದು ಯಂತ್ರದ ನೆನಪು. ಅಕ್ಷರಗಳು ಮೂಡಿದವು, ಆದರೆ ದಿನಾಂಕವು ಹದಿನೈದು ವರ್ಷ ಹಿಂದಕ್ಕೆ ಹೋಗಿತ್ತು. ಬೂಟ್ ಮಾಡಲು ಡಿಸ್ಕು ಸಿಕ್ಕಲಿಲ್ಲವೆಂಬ ಸಂದೇಶವೂ ಬಂದಿತು. ಅನನುಭವಿಯು ಇದನ್ನೋದಿ ಡಿಸ್ಕು ಸತ್ತಿತೆಂದು ಶೋಕಿಸುವನು. ನಾನೂ ಶೋಕಿಸಿದೆ. ಆದರೆ ಸುಳಿವು ಇದ್ದುದು ದಿನಾಂಕದಲ್ಲಿ. ಮೂಲಫಲಕದ ಮೇಲೆ ನಾಣ್ಯದಾಕಾರದ ಬ್ಯಾಟರಿಯೊಂದಿರುತ್ತದೆ. ಅದರ ಹೆಸರು ಸಿ.ಆರ್. ೨೦೩೨, ೨೦ ಮಿಲಿಮೀಟರ್ ವ್ಯಾಸ, ೩.೨ ಮಿಲಿಮೀಟರ್ ದಪ್ಪ ಎಂಬುದೇ ಆ ಸಂಖ್ಯೆಯ ಅರ್ಥ. ೩ ವೋಲ್ಟಿನ ಈ ಬಿಲ್ಲೆಯು ಕಾಲವನ್ನೂ, ಯಾವ ಡಿಸ್ಕಿನಿಂದ ಏಳಬೇಕೆಂಬ ವ್ಯವಸ್ಥೆಯನ್ನೂ ಕಾಪಾಡುತ್ತದೆ. ಗೋಡೆಯ ವಿದ್ಯುತ್ತಿನ ಸಂಪರ್ಕ ಇರುವವರೆಗೆ ಬಿಲ್ಲೆಯ ಮೇಲೆ ಭಾರವಿಲ್ಲ. ರಜೆಯಲ್ಲಿ ಪ್ಲಗ್ಗನ್ನು ಕಿತ್ತಿಟ್ಟಾಗ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ರಜೆ ಮುಗಿದ ಮೊದಲ ದಿನವೇ ಶಾಲೆಗಳ ಹಳೆಯ ಯಂತ್ರಗಳು ಕೈಕೊಡುವುದಕ್ಕೆ ಇದೊಂದು ಕಾರಣ. ಹೊಸ ಬಿಲ್ಲೆಯನ್ನು ಹಾಕಿ, ಬಯಾಸಿನ ಪುಟವನ್ನು ತೆರೆದು, ದಿನಾಂಕವನ್ನು ತಿದ್ದಿ, ಏಳುವ ಸರದಿಯಲ್ಲಿ ಡಿಸ್ಕನ್ನು ಮೊದಲಿಗೆ ಇರಿಸಿದೆವು.

ನಾಲ್ಕನೆಯದು ಡಿಸ್ಕು. ಇಲ್ಲಿ ಅವಸರ ಕೂಡದು. ಡಿಸ್ಕು ಸಿಕ್ಕಲಿಲ್ಲವೆಂದು ಯಂತ್ರ ಹೇಳಿದರೆ, ಮೊದಲು ಪೆನ್‌ಡ್ರೈವು, ಸಿ.ಡಿ., ಫ್ಲಾಪಿಗಳು ಸಿಕ್ಕಿಕೊಂಡಿದ್ದರೆ ತೆಗೆಯಬೇಕು; ಯಂತ್ರವು ಅವುಗಳಿಂದ ಏಳಲು ಯತ್ನಿಸಿ ಸೋತಿರಬಹುದು. ಬಳಿಕ ಡಿಸ್ಕಿನ ಎರಡು ತಂತಿಗಳನ್ನು ಕಿತ್ತು ಮತ್ತೆ ಜೋಡಿಸಬೇಕು. ಬಯಾಸಿನ ಪುಟದಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಬೇಕು. ಕಿವಿಗೊಟ್ಟು ಆಲಿಸಬೇಕು. ಸಮವಾದ ಗುಂಯ್ಗುಟ್ಟುವಿಕೆ ಆರೋಗ್ಯದ ಲಕ್ಷಣ. ಟಕ್ ಟಕ್ ಎಂದು ಬಡಿದುಕೊಳ್ಳುವ ಸದ್ದು ಬಂದರೆ ಒಡನೆಯೇ ವಿದ್ಯುತ್ತನ್ನು ಆರಿಸಿ, ಮತ್ತೆ ಮತ್ತೆ ಹಚ್ಚಿ ನೋಡುವ ಆಸೆಯನ್ನು ಬಿಡತಕ್ಕದ್ದು. ಒಳಗಿನ ಓದುಗೋಲು ತಟ್ಟೆಯನ್ನು ಗೀರುತ್ತಿದ್ದರೆ ಪ್ರತಿಯೊಂದು ಪ್ರಯತ್ನವೂ ಒಂದಷ್ಟು ಬರಹವನ್ನು ಅಳಿಸುತ್ತದೆ. ಅಂತಹ ಡಿಸ್ಕಿನಿಂದ ಮಾಹಿತಿ ತೆಗೆಯಬಲ್ಲ ಪರಿಣತರಿದ್ದಾರೆ, ಖರ್ಚು ಹೆಚ್ಚು.

ಐದನೆಯದು ಕಾರ್ಯವ್ಯವಸ್ಥೆ. ನಮ್ಮ ಡಿಸ್ಕು ಕಂಡಿತು. ಆದರೆ ವಿಂಡೋಸ್ ಎಕ್ಸ್.ಪಿ. ತನ್ನ ಚಿಹ್ನೆಯನ್ನು ತೋರಿ ಅಲ್ಲಿಯೇ ನಿಂತಿತು. ಎಫ್ ೮ ಕೀಲಿಯನ್ನು ಒತ್ತಿ ‘ಸೇಫ್ ಮೋಡ್’ ಎಂಬ ಮಿತವ್ಯವಸ್ಥೆಯಲ್ಲಿ ಏಳಿಸಲು ಯತ್ನಿಸಿದರೂ ಫಲಿಸಲಿಲ್ಲ. ಡಿಸ್ಕಿನ ದೋಷವನ್ನು ತಿದ್ದುವ ‘ಚೆಕ್ ಡಿಸ್ಕ್’ ಎಂಬ ಉಪಕರಣವಿದೆಯಲ್ಲ, ಅದನ್ನು ನಡೆಸೋಣವೇ ಎಂದು ನಾನು ಕೇಳಿದೆ. ಶಿಷ್ಯರು ಕೈಹಿಡಿದು ತಡೆದರು: “ಗುರುಗಳೇ, ತಿದ್ದುವುದೆಂದರೆ ಡಿಸ್ಕಿನ ಮೇಲೆ ಬರೆಯುವುದು. ಮೊದಲು ಪ್ರತಿ, ಆಮೇಲೆ ತಿದ್ದುಪಡಿ.” ಹಸ್ತಪ್ರತಿಗಳ ಸಂಪಾದನೆಯಲ್ಲಿ ನಾನು ಅವರಿಗೆ ಹೇಳಿಕೊಟ್ಟ ಸೂತ್ರವನ್ನೇ ಅವರು ನನಗೆ ಒಪ್ಪಿಸಿದ್ದರು.

ಆದುದರಿಂದ ಲಿನಕ್ಸ್ ವ್ಯವಸ್ಥೆಯನ್ನು ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಏಳಿಸಿ, ಹಳೆಯ ಡಿಸ್ಕಿನ ಮೇಲೆ ಏನನ್ನೂ ಬರೆಯದೆ, ಕಡತಗಳನ್ನು ಹೊರಗಿನ ಡಿಸ್ಕೊಂದಕ್ಕೆ ನಕಲು ಮಾಡಿದರು. ಇದು ಆಗದಿದ್ದಲ್ಲಿ ಡಿಸ್ಕನ್ನು ಬಿಚ್ಚಿ ಬೇರೊಂದು ಗಣಕಯಂತ್ರಕ್ಕೆ ಜೋಡಿಸಿಯೂ ಓದಬಹುದು. ಸಂಜೆಯವರೆಗೆ ಕಾದೆವು. ಮೂರು ಕಡತಗಳ ಹೊರತು ಉಳಿದೆಲ್ಲವೂ ಬಂದವು. ಆ ಮೂರರಲ್ಲಿ ಒಂದು, ಔರಾದ್ ಕಡೆಯ ಅಜ್ಜಿಯೊಬ್ಬರು ಹಾಡಿದ ಬೀಸುವ ಹಾಡುಗಳದು. ಆಕೆ ಈಗ ಇಲ್ಲ. ಆ ಹಾಡುಗಳೂ ಈಗ ಇಲ್ಲ.

ನಕಲಾದ ಕಡತಗಳನ್ನು ಹೊಸ ಯಂತ್ರದಲ್ಲಿ ತೆರೆದಾಗ ಮತ್ತೊಂದು ಗಾಬರಿ. ಕನ್ನಡವಿರಬೇಕಾದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! ಇದು ಕೆಡುಕಲ್ಲ. ಹಿಂದಿನ ನುಡಿ ಮೊದಲಾದ ತಂತ್ರಾಂಶಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ತುಂಡುಗಳನ್ನು ಕೂರಿಸಿದ್ದವು. ಆ ಅಚ್ಚು ಯಂತ್ರದಲ್ಲಿದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. ೧೯೯೧ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಕ್ರಮದಲ್ಲಿ ಕನ್ನಡಕ್ಕೆ ತನ್ನದೇ ಆದ ೧೨೮ ಸ್ಥಾನಗಳುಂಟು. ಪರಿವರ್ತಕ ತಂತ್ರಾಂಶದಿಂದ ಕಡತಗಳನ್ನು ಯೂನಿಕೋಡಿಗೆ ತಂದೆವು. ಆದರೂ ಅರ್ಕಾವೊತ್ತು, ದೀರ್ಘಗಳಲ್ಲಿ ಅಲ್ಲಲ್ಲಿ ತಪ್ಪುಗಳು ನುಸುಳಿದ್ದವು. ಭಾಲ್ಕಿಯ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳು ಒಂದು ವರ್ಷ ಕುಳಿತು ಕಣ್ಣಿಂದ ಓದಿ ತಿದ್ದಿದರು. ಪಂಡಿತನ ಕೆಲಸ ಅಲ್ಲಿ ಮೊದಲಾಯಿತು.

ಬೀದರಿನ ಕೋಟೆಯ ದಾರಿಯಲ್ಲಿ ಮಹಮೂದ್ ಗವಾನನ ಮದರಸೆ ನಿಂತಿದೆ. ೧೪೭೨ರಲ್ಲಿ ಕಟ್ಟಿದ ಆ ವಿದ್ಯಾಲಯದಲ್ಲಿ ದೊಡ್ಡ ಗ್ರಂಥಭಂಡಾರವಿತ್ತು. ಹದಿನೇಳನೆಯ ಶತಮಾನದಲ್ಲಿ ನಡೆದ ಸ್ಫೋಟದಿಂದ ಕಟ್ಟಡದ ಒಂದು ಪಾರ್ಶ್ವವು ಹಾಳಾಯಿತು. ಉಳಿದರ್ಧವನ್ನು ಇಂದಿಗೂ ಪ್ರವಾಸಿಗರು ನೋಡುತ್ತಾರೆ. ಗ್ರಂಥಗಳನ್ನು ನೋಡುವವರಿಲ್ಲ, ಅವು ಅಲ್ಲಿಲ್ಲ. ಇನ್ನೊಂದೆಡೆ, ಕಲ್ಲಿಗಿಂತ ಬಹು ದುರ್ಬಲವಾದ ತಾಳೆಗರಿಯ ಮೇಲೆ ಬರೆದ ವಚನಗಳು ನಮ್ಮವರೆಗೆ ಬಂದಿವೆ. ಗರಿಯು ಗಟ್ಟಿಯೆಂದಲ್ಲ, ಹುಳು ತಿನ್ನುವ ಮೊದಲೇ ಯಾವನೋ ಲಿಪಿಕಾರನು ಹೊಸ ಗರಿಗೆ ಪ್ರತಿ ಮಾಡಿದನು, ಅವನ ಗರಿ ಕೆಡುವ ಮೊದಲೇ ಇನ್ನೊಬ್ಬನು ಮಾಡಿದನು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದುದು ಆ ಲಿಪಿಕಾರರ ಸಾಲಿನ ತುದಿಯಲ್ಲಿ ನಿಂತು. ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ನಾಡಿನಲ್ಲಿ, ಶಾಲೆಯ ಆಸರೆಯಿಲ್ಲದೆ ಬಾಯಿಂದ ಬಾಯಿಗೆ ಉಳಿದ ಹಾಡುಗಳನ್ನು ನಾವು ಒಂದೇ ಡಿಸ್ಕಿನಲ್ಲಿಟ್ಟು ಮರೆತಿದ್ದೆವು. ಯಂತ್ರವು ಕೆಟ್ಟುದು ದೋಷವಲ್ಲ, ಯಂತ್ರಗಳು ಕೆಡುತ್ತವೆ. ಎರಡನೆಯ ಪ್ರತಿ ಇಲ್ಲದಿದ್ದುದು ದೋಷ. ಆ ದೋಷವು ನಮ್ಮದು, ಅದರಲ್ಲಿಯೂ ಮುಖ್ಯವಾಗಿ ನನ್ನದು.

ಅಂದಿನಿಂದ ನಮ್ಮಲ್ಲೊಂದು ನಿಯಮವನ್ನು ಮಾಡಿಕೊಂಡಿದ್ದೇವೆ. ಬೇಸಿಗೆಯ ರಜೆಗೆ ಬಾಗಿಲು ಹಾಕುವ ಮುನ್ನ, ವರ್ಷದ ಕಡತಗಳ ಒಂದು ಪ್ರತಿ ಔರಾದಿನಲ್ಲಿ, ಒಂದು ಭಾಲ್ಕಿಯಲ್ಲಿ, ಒಂದು ಬೀದರಿನಲ್ಲಿ ಇರತಕ್ಕದ್ದು. ಅಧ್ಯಾಪಕ ಮಿತ್ರರಲ್ಲಿ ನನ್ನ ಅರಿಕೆಯಿಷ್ಟೆ: ಯಂತ್ರ ಏಳದ ದಿನ ಗಾಬರಿಗೊಳ್ಳದೆ ಗೋಡೆಯಿಂದ ಡಿಸ್ಕಿನವರೆಗೆ ಒಂದೊಂದೇ ಘಟ್ಟವನ್ನು ನೋಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮಾಡಿದುದನ್ನು ಬರೆದಿಡಿ. ಅಂಗಡಿಗೆ ಕೊಡಲೇಬೇಕಾದರೆ ಡಿಸ್ಕನ್ನು ಬಿಚ್ಚಿಕೊಂಡು ಕೊಡಿ, ಇಲ್ಲವೆ ‘ಒಳಗಿನದನ್ನು ಅಳಿಸಬಾರದು’ ಎಂದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿ.

ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಮತ್ತೊಂದು ಅರಿಕೆ. ನೀವು ಬಳಸಿ ಬಿಟ್ಟ ಗಣಕಯಂತ್ರವು ನಮ್ಮ ಮಕ್ಕಳಿಗೆ ಈಗಲೂ ಉಪಯುಕ್ತವೇ. ಕೊಡುವಾಗ ಹೊಸ ಬಿಲ್ಲೆಯೊಂದನ್ನು ಹಾಕಿಸಿ, ಧೂಳು ಕಳೆದು ಕೊಡಿ. ಸಾಧ್ಯವಾದರೆ ಜೊತೆಗೆ ಪ್ರತಿ ಇರಿಸಲು ಹೊರಗಿನ ಡಿಸ್ಕೊಂದನ್ನು ಕೊಡಿ. ನಿಜವಾಗಿಯೂ ಸತ್ತ ಯಂತ್ರಗಳನ್ನು ತಿಪ್ಪೆಗೆ ಎಸೆಯಬೇಡಿ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಅವು ನೋಂದಾಯಿತ ಮರುಬಳಕೆದಾರರನ್ನು ಸೇರಬೇಕು. ಅದಕ್ಕೂ ಮುನ್ನ ನಿಮ್ಮ ಮನೆಯ ಅಟ್ಟದ ಮೇಲಿನ ಪೆಟ್ಟಿಗೆಯೊಳಗೆ ತಾಯಿಯ ಪತ್ರವೋ, ತಂದೆ ಬರೆಸಿದ ಮನೆತನದ ಕಥೆಯೋ ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಆ ಹಳೆಯ ಯಂತ್ರವನ್ನು ನಾವು ಎಸೆಯಲಿಲ್ಲ. ಹಳೆಯ ಡಿಸ್ಕನ್ನು ತೆಗೆದು ಬೇರೆಯಾಗಿ ಸುತ್ತಿಟ್ಟು, ಯಂತ್ರವನ್ನು ಪಾಠೋಪಕರಣವಾಗಿ ಉಳಿಸಿಕೊಂಡಿದ್ದೇವೆ. ವರ್ಷಕ್ಕೊಮ್ಮೆ ನಾನೇ ಅದರ ಒಂದು ತಂತಿಯನ್ನೋ ಪಟ್ಟಿಯನ್ನೋ ಸಡಿಲಿಸಿಟ್ಟು ಮಕ್ಕಳನ್ನು ಕರೆಯುತ್ತೇನೆ. ಅವರು ಗೋಡೆಯಿಂದ ಆರಂಭಿಸಿ ಅರಸುತ್ತಾರೆ.